ಅವ್ವನ ತಪ್ಪೇನು?

ನಮ್ಮ ಕೇರಿಗಳಲ್ಲಿ ಕಣ್ಣು ಕಾಣದ, ಕಿವಿ ಕೇಳದ ಕೂಸು ಹುಟ್ಟಿದರೆ ತೀರ್ಪು ಮೊದಲೇ ತಯಾರಾಗಿರುತ್ತದೆ. ಗ್ರಹಣದ ದಿನ ಹೊರಗೆ ಬಂದಳು ಅಂತಾರೆ. ಹೋದ ಜನ್ಮದ ಪಾಪ ಅಂತಾರೆ. ತುಂಬಿದ ಬಸುರಿಯಾಗಿಯೂ ಗದ್ದೆಗಿಳಿದು ನಾಟಿ ಹಾಕಿದ ಅವ್ವನೇ ಕೊನೆಗೆ ಅಪರಾಧಿ. ಈ ಕರ್ಮದ ಕತೆಯನ್ನು ಇನ್ನೆಷ್ಟು ದಿನ ನಂಬೋಣ?

ಇಂಥ ಕೂಸುಗಳು ಹುಟ್ಟಲು ಕಾರಣ ಹಲವು. ಅದರಲ್ಲಿ ಒಂದು ರುಬೆಲ್ಲಾ ಎಂಬ ವೈರಸ್ಸು. 1941ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ನಾರ್ಮನ್ ಗ್ರೆಗ್ ಎಂಬ ಕಣ್ಣಿನ ಡಾಕ್ಟರ ಬಳಿಗೆ ಹುಟ್ಟುತ್ತಲೇ ಪೊರೆ ಬಂದ ಕೂಸುಗಳು ಒಂದರ ಹಿಂದೊಂದು ಬಂದವು. ಬಸಿರಿನ ಶುರುವಿನಲ್ಲಿ ನಮಗೆ ಜರ್ಮನ್ ದಡಾರ ಬಂದಿತ್ತು ಎಂದು ಕೆಲವು ತಾಯಂದಿರು ಆಡಿದ ಮಾತು ಅವರ ಕಿವಿಗೆ ಬಿತ್ತು. ಅದನ್ನು ತಳ್ಳಿಹಾಕದೆ ಲೆಕ್ಕ ತೆಗೆದರು. 78 ಕೂಸುಗಳಲ್ಲಿ 68 ಕೂಸುಗಳ ತಾಯಂದಿರಿಗೆ ಆ ರೋಗ ಬಂದಿತ್ತು! ಹಲವು ಪಂಡಿತರು ಮೊದಲಿಗೆ ನಂಬಲಿಲ್ಲ. ತಾಯಂದಿರ ಮಾತೇ ಗೆದ್ದಿತು.

ದೊಡ್ಡವರಿಗೆ ರುಬೆಲ್ಲಾ ಎರಡು ಮೂರು ದಿನದ ಸಣ್ಣ ಜ್ವರ, ಮೈಮೇಲೆ ಒಂದಿಷ್ಟು ಗಂದೆ. ಎಷ್ಟೋ ಜನಕ್ಕೆ ಅದೂ ಕಾಣುವುದಿಲ್ಲ. ಆದರೆ ಬಸಿರಿನ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ವೈರಸ್ಸು ತಾಯಿಯ ರಕ್ತದಿಂದ ಮಾಸು ದಾಟಿ ಕೂಸಿಗೆ ಇಳಿಯುತ್ತದೆ. ಕಣ್ಣು, ಕಿವಿ, ಹೃದಯ ರೂಪ ತಾಳುವ ಹೊತ್ತದು. ಏಟು ಅಲ್ಲೇ ಬೀಳುತ್ತದೆ. 1964-65ರಲ್ಲಿ ಅಮೆರಿಕದಲ್ಲಿ ಈ ರೋಗ ಹಬ್ಬಿದಾಗ ಸುಮಾರು 20,000 ಕೂಸುಗಳು ಹೀಗೆ ಪೆಟ್ಟು ತಿಂದು ಹುಟ್ಟಿದವು. 1969ರಲ್ಲಿ ಅಲ್ಲಿ ಲಸಿಕೆ ಬಂತು. 2004ರ ಹೊತ್ತಿಗೆ ಅಲ್ಲಿ ರೋಗ ಹರಡುವುದೇ ನಿಂತಿತ್ತು.

ನಮಗೆ ಯಾವಾಗ ಬಂತು? ಕರ್ನಾಟಕದಲ್ಲಿ ಸರ್ಕಾರ ದಡಾರ-ರುಬೆಲ್ಲಾ ಚುಚ್ಚುಮದ್ದನ್ನು ಎಲ್ಲ ಮಕ್ಕಳಿಗೂ ಪುಕ್ಕಟೆ ಕೊಡಲು ಹೊರಟದ್ದು 2017ರಲ್ಲಿ. ನಲವತ್ತೆಂಟು ವರ್ಷ ಕಣ್ರೀ! ಅಲ್ಲಿಯ ತನಕ ದುಡ್ಡಿದ್ದವರು ಖಾಸಗಿ ಡಾಕ್ಟರ ಹತ್ತಿರ ಚುಚ್ಚಿಸಿಕೊಂಡರು. ನಮ್ಮ ಅವ್ವಂದಿರ ಪಾಲಿಗೆ ಬಂದದ್ದು ಕರ್ಮ, ಗ್ರಹಣ, ಬೈಗುಳ.

ಹಾಸ್ಟೆಲಿನ ಗೆಳೆಯ ಗೆಳತಿಯರೆ, 2017ರಲ್ಲಿ 9 ತಿಂಗಳಿಂದ 15 ವರ್ಷದೊಳಗಿನವರಿಗೆ ಈ ಮದ್ದು ಹಾಕಿದರು. ನಿಮಗೆ ಆಯಿತಾ, ಮನೆಯಲ್ಲಿ ಕೇಳಿ. ಅಂದು ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದ ಅಕ್ಕತಂಗಿಯರಿಗೆ ಆಯಿತಾ? ಅದಕ್ಕೂ ಮೊದಲೇ 15 ದಾಟಿದ್ದವರಿಗೆ? ಆಗಿರದಿದ್ದರೆ ಡಾಕ್ಟರನ್ನು ಕಂಡು ಮಾತಾಡಿ. ಬಸುರಿಯಾದ ಮೇಲೆ ಇದನ್ನು ಹಾಕುವುದಿಲ್ಲ. ಹಾಕಿಸಿಕೊಂಡ ಮೇಲೂ ಒಂದು ತಿಂಗಳು ಬಸಿರು ನಿಲ್ಲಬಾರದು. ಅದಕ್ಕೇ ಮೊದಲೇ ಎಚ್ಚರ ಬೇಕು. ಇದು ಹೆಣ್ಣುಮಕ್ಕಳ ವಿಷಯ ಅಂತ ಹುಡುಗರು ಎದ್ದು ಹೋಗಬೇಡಿ. ಕೆಮ್ಮಿನಲ್ಲಿ, ಸೀನಿನಲ್ಲಿ ಹರಡುವ ರೋಗವಿದು. ನಿಮ್ಮಿಂದಲೂ ಒಬ್ಬ ಬಸುರಿಗೆ ತಗುಲಬಹುದು.

ಬಿಟ್ಟುಹೋದ ಎಲ್ಲರಿಗೂ ಪುಕ್ಕಟೆ ಮದ್ದು ಸಿಗಬೇಕೆಂದು ಕೇಳೋಣ. ಆಗಲೇ ಹುಟ್ಟಿರುವ ಕೂಸು ಯಾರ ಪಾಪದ ಫಲವೂ ಅಲ್ಲ. ಅದಕ್ಕೆ ಶಾಲೆ ಬೇಕು, ಕಿವಿಯ ಮಿಷನ್ನು ಬೇಕು, ಎಲ್ಲಕ್ಕಿಂತ ಮೊದಲು ಮರ್ಯಾದೆ ಬೇಕು. ರಜೆಗೆ ಊರಿಗೆ ಹೋದಾಗ ಯಾರಾದರೂ ಗ್ರಹಣದ ಮಾತೆತ್ತಿದರೆ, ಜಗಲಿಯ ಮೇಲೆ ಕೂತು ಈ ಪುಟವನ್ನು ಗಟ್ಟಿಯಾಗಿ ಓದಿ. ಅವ್ವನಿಗೂ ಕೇಳಿಸಲಿ.