ಜೊತೆಗಾರನ ಕಣ್ಣೇ ಕಾವಲು

ಈ ಶರೀರವು ಶಿವನು ಕರುಣಿಸಿದ ಪ್ರಸಾದವೆಂದು ನಂಬಿದವರು ನಾವು. ಪ್ರಸಾದವನ್ನು ಕೆಡಿಸಬಾರದು, ಚೆಲ್ಲಲೂಬಾರದು. ಶರೀರವನ್ನು ದುಡಿಸಬೇಕು, ಹಾಗೆಯೇ ಜೋಪಾನವನ್ನೂ ಮಾಡಬೇಕು.

ಮಾರ್ಗಶಿರ, ಪುಷ್ಯ ಮಾಸಗಳ ನಸುಕಿನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ಪಾದಕ್ಕೆ ಹೋದವರು ಎರಡು ಬಗೆಯ ಜನರನ್ನು ಕಾಣುತ್ತಾರೆ. ದೊಡ್ಡದೇವರಾಜ ಒಡೆಯರ ಕಾಲದಲ್ಲಿ, 17ನೆಯ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲುಗಳನ್ನು ಮಂಜಿನಲ್ಲಿ ಮೆಲ್ಲನೆ ಏರುವ ಭಕ್ತರು ಒಂದು ಕಡೆ. ಬೂಟು ಕಟ್ಟಿಕೊಂಡು ಅದೇ ಮೆಟ್ಟಿಲುಗಳನ್ನು ಓಡುತ್ತ ಏರುವ ತರುಣರು ಇನ್ನೊಂದು ಕಡೆ. ‘ಈ ಚಳಿಯಲ್ಲಿ ಇವರಿಗೆಂಥ ಹುಚ್ಚು!’ ಎಂದು ಹಿರಿಯರು ಗೊಣಗುವುದುಂಟು. ನಾವು ಹಾಗೆನ್ನುವುದಿಲ್ಲ. ಸೂರ್ಯೋದಯಕ್ಕೆ ಮುನ್ನ ಎದ್ದು ಬೆವರು ಹರಿಸುವವನು ಸೋಮಾರಿತನವನ್ನು ಗೆದ್ದವನು. ಆದರೆ ಅವನನ್ನು ನಾವು ಕೇಳುವ ಮಾತೊಂದಿದೆ. ನೀನು ಯಾರ ಜೊತೆ ಓಡುತ್ತೀಯಪ್ಪಾ? ಜೊತೆಗಾರನು ಕುಸಿದಾಗ ಏನು ಮಾಡುತ್ತೀಯೆ?

ಮೈಸೂರಿನ ಚಳಿ ತಾಯಿಯಂಥದು, ಗದರಿಸುತ್ತದೆ, ಕೊಲ್ಲುವುದಿಲ್ಲ. ಎಲ್ಲ ಕಡೆಯ ಚಳಿಯೂ ಹೀಗಿರುವುದಿಲ್ಲ. ಈಗ ಹಿಮದ ಮೇಲೂ ಓಟದ ಸ್ಪರ್ಧೆಗಳು ನಡೆಯುತ್ತಿವೆ. 2023ರ ಫೆಬ್ರವರಿ 20ರಂದು ಲಡಾಖಿನಲ್ಲಿ, ಸುಮಾರು 13,860 ಅಡಿ ಎತ್ತರದಲ್ಲಿ, ಹೆಪ್ಪುಗಟ್ಟಿದ ಪಾಂಗಾಂಗ್ ಸರೋವರದ ಮೇಲೆಯೇ 21 ಕಿಲೋಮೀಟರ್ ಓಟ ನಡೆಯಿತು. ಬೆಟ್ಟದ ಮೆಟ್ಟಿಲಲ್ಲಿ ಕಾಲು ಪಳಗಿಸಿಕೊಂಡ ನಮ್ಮ ಮಕ್ಕಳಿಗೂ ನಾಳೆ ಅಂಥ ಕಡೆ ಹೋಗುವ ಆಸೆ ಹುಟ್ಟುವುದು ಸಹಜ. ಹೋಗಲಿ, ಆದರೆ ಚಳಿಯ ಗುಣವನ್ನು ಅರಿತು ಹೋಗಲಿ.

ಚಳಿಯು ಬಲು ಮೋಸಗಾರ. ಬೆಂಕಿ ತಗುಲಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಚಳಿ ಹಾಗಲ್ಲ, ಅದು ಬುದ್ಧಿಯನ್ನೇ ಮಂಕು ಮಾಡುತ್ತದೆ. ಮೈಯ ಒಳಗಿನ ಶಾಖ 35 ಡಿಗ್ರಿಗಿಂತ ಕೆಳಗೆ ಇಳಿದರೆ ಅಪಾಯ ಆರಂಭವಾಯಿತೆಂದು ವೈದ್ಯರು ಹೇಳುತ್ತಾರೆ. ಮೊದಲು ನಡುಕ, ಆಮೇಲೆ ನಾಲಿಗೆಯ ತೊದಲು, ಹೆಜ್ಜೆಯ ತಡವರಿಕೆ. ಇನ್ನೂ ಇಳಿದರೆ ನಡುಕವೇ ನಿಂತುಹೋಗುತ್ತದೆ. ಅದು ಚೇತರಿಕೆಯಲ್ಲ, ಹೆಚ್ಚಿನ ಅಪಾಯದ ಗುರುತು. ಆಗಲೂ ಅವನು ‘ನನಗೇನೂ ಆಗಿಲ್ಲ, ನೀನು ಮುಂದೆ ಹೋಗು’ ಎನ್ನಬಹುದು. ತನ್ನ ಸ್ಥಿತಿ ತನಗೇ ತಿಳಿಯದ ಆ ಗಳಿಗೆಯಲ್ಲಿ ಜೊತೆಗಾರನ ಕಣ್ಣೊಂದೇ ಕಾವಲು.

ಚೀನಾ ದೇಶದ ಗಾನ್ಸು ಪ್ರಾಂತ್ಯದಲ್ಲಿ 2021ರ ಮೇ 22ರಂದು ನಡೆದ ದುರಂತವನ್ನು ನೆನೆಯಬೇಕು. ಗುಡ್ಡಗಾಡಿನಲ್ಲಿ 100 ಕಿಲೋಮೀಟರ್ ಓಟ. ಓಟಗಾರರು 172 ಮಂದಿ. ಅನೇಕರ ಮೈಮೇಲೆ ತೆಳುವಾದ ಉಡುಪು. ಮಧ್ಯಾಹ್ನದ ಹೊತ್ತಿಗೆ ಎತ್ತರದ ದಾರಿಯಲ್ಲಿ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಒಮ್ಮೆಗೇ ಎರಗಿದವು. 21 ಜನ ಮಡಿದರು. ಅವರಲ್ಲಿ ಹೆಸರುವಾಸಿ ಓಟಗಾರರೂ ಇದ್ದರು. ಬಲವಿದ್ದವರನ್ನೂ ಚಳಿ ಬಿಡಲಿಲ್ಲ.

ಅಂದು ಅಲ್ಲಿ ಜು ಕೆಮಿಂಗ್ ಎಂಬ ಕುರಿಗಾಹಿಯೊಬ್ಬನು ಗುಹೆಯಲ್ಲಿ ಆಶ್ರಯ ಪಡೆದಿದ್ದನು. ಆಪತ್ಕಾಲಕ್ಕೆಂದು ಹೊದಿಕೆ, ಸೌದೆಗಳನ್ನು ಅಲ್ಲಿ ಇಟ್ಟುಕೊಂಡಿದ್ದನು. ತತ್ತರಿಸುತ್ತಿದ್ದ ಓಟಗಾರನನ್ನು ಕಂಡು ಒಳಗೆ ಕರೆತಂದನು, ಬೆಂಕಿ ಹಾಕಿದನು. ಬಳಿಕ ಬಂದವರಿಗೂ ಜಾಗ ಕೊಟ್ಟನು. ಪ್ರಜ್ಞೆ ತಪ್ಪಿ ಬಿದ್ದಿದ್ದ ಇನ್ನೊಬ್ಬನನ್ನು ಹೊರಗೆ ಹೋಗಿ ಕರೆತಂದನು. ಹೀಗೆ ಆರು ಜೀವಗಳು ಉಳಿದವು. ಉಳಿಸಲಾಗದೆ ಹೋದವರಿಗಾಗಿ ಅವನು ಮರುಗಿದನು. ಆ ಕುರಿಗಾಹಿ ಸ್ಪರ್ಧೆಗೆ ಬಂದವನಲ್ಲ, ಪದಕ ಬಯಸಿದವನೂ ಅಲ್ಲ. ಅಂದಿನ ಓಟದಲ್ಲಿ ಗೆದ್ದವರು ಯಾರೆಂದು ಕೇಳಿದರೆ ನಾವು ಅವನನ್ನೇ ತೋರಿಸುತ್ತೇವೆ. ತನ್ನ ಕಾಯಕ ಮಾಡುತ್ತಲೇ ಇದ್ದುದನ್ನು ಹಂಚಿಕೊಂಡವನು ಅವನು. ದಾಸೋಹವೆಂದರೆ ಇದಕ್ಕಿಂತ ಬೇರೆಯಲ್ಲ.

ಶರಣರು ಸಂಗಕ್ಕೆ ಹಿರಿಯ ಸ್ಥಾನ ಕೊಟ್ಟುದರ ಮರ್ಮವೂ ಇದೇ. ಅಹಂಕಾರವೂ ಚಳಿಯ ಹಾಗೆಯೇ. ಏರಿದವನಿಗೆ ಅದು ಏರಿದ್ದು ತಿಳಿಯುವುದಿಲ್ಲ, ಪಕ್ಕದಲ್ಲಿದ್ದವನಿಗೆ ತಿಳಿಯುತ್ತದೆ. ಆದುದರಿಂದ ‘ಸಾಕು, ಹಿಂದಿರುಗೋಣ’ ಎನ್ನುವ ಗೆಳೆಯನನ್ನು ಹೇಡಿಯೆನ್ನಬೇಡಿರಿ. ‘ನಡೆ, ನಡೆ’ ಎಂದು ಹುರಿದುಂಬಿಸುವವರು ನೂರು ಮಂದಿ ಸಿಕ್ಕಾರು. ಗುರಿ ಕಣ್ಣೆದುರಿಗೇ ಇರುವಾಗ ‘ಬಾ’ ಎಂದು ಕೈಹಿಡಿದು ಇಳಿಸುವವನು ಒಬ್ಬನು ಸಿಕ್ಕರೆ ಅದು ಪುಣ್ಯ.

ತರುಣರಿಗೆ ಹೇಳುವುದಿಷ್ಟು. ಒಬ್ಬರೇ ಹೋಗಬೇಡಿರಿ. ಒದ್ದೆ ಬಟ್ಟೆಯನ್ನು ಮೈಮೇಲೆ ಉಳಿಸಬೇಡಿರಿ. ಮದ್ಯದಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ನಿಜವಾಗಿ ಒಳಗಿನ ಶಾಖ ಹೊರಗೆ ಹೋಗುತ್ತದೆ. ಜೊತೆಗಾರನ ಮಾತು ತೊದಲಿತೆಂದರೆ ಓಟ ಅಲ್ಲಿಗೆ ಮುಗಿಯಿತೆಂದು ತಿಳಿಯಿರಿ. ಬೆಚ್ಚನೆಯ ಆಸರೆಗೆ ಸೇರಿಸಿ ನೆರವು ಕರೆಯಿರಿ.

ಹಿರಿಯರಿಗೂ ಒಂದು ಮಾತು. ಕೊರೆಯುವ ನಸುಕಿನಲ್ಲಿ ರಕ್ತನಾಳಗಳು ಬಿಗಿಯುತ್ತವೆ, ರಕ್ತದೊತ್ತಡ ಏರುತ್ತದೆ, ಎದೆಗೆ ಭಾರ ಹೆಚ್ಚುತ್ತದೆ. ಹರಕೆಯ ಮೆಟ್ಟಿಲು ಹತ್ತುವವರು ಕಿವಿಗೆ ಬಟ್ಟೆ ಸುತ್ತಿಕೊಂಡು, ಬಿಸಿಲೇರಿದ ಮೇಲೆ, ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಹೋಗಿರಿ. ದಣಿವಾದರೆ ನಂದಿಯ ಬಳಿ ಕುಳಿತುಬಿಡಿರಿ. ಅಲ್ಲಿಂದಲೇ ಕೈಮುಗಿದು ಇಳಿದರೂ ಭಕ್ತಿಗೆ ಕೊರತೆಯಿಲ್ಲ.

ಮೊದಲು ಮುಟ್ಟುವುದು ದೊಡ್ಡದಲ್ಲ. ಹೋದವರೆಲ್ಲರೂ ಮನೆಗೆ ಮರಳುವುದು ದೊಡ್ಡದು. ಜೊತೆಯವನನ್ನು ಬಿಟ್ಟು ಗೆದ್ದ ಗೆಲುವಿಗಿಂತ, ಜೊತೆಯವನಿಗಾಗಿ ಸೋತ ಸೋಲೇ ಶಿವನಿಗೆ ಪ್ರಿಯವಾದುದು.