ಮೆಮೊರಿಗೂ ಬೇಕು ಕಾರ್ಪೆಟ್ ಏರಿಯಾ ಲೆಕ್ಕ!

ಮುಂಬೈಯಲ್ಲಿ ಮನೆ ಕೊಂಡವರಿಗೆ ಸೂಪರ್ ಬಿಲ್ಟ್-ಅಪ್ಪಿಗೂ ಕಾರ್ಪೆಟ್ ಏರಿಯಾಗೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾಗದದಲ್ಲಿ 700 ಚದರಡಿ, ಒಳಗೆ ಚಾಪೆ ಹಾಸಿದರೆ 500! ಕಂಪ್ಯೂಟರಿನ ಮೆಮೊರಿಯಲ್ಲೂ ಇದೇ ವ್ಯವಹಾರ ನಡೆದಿದೆ.

ಹಳೇ ಕಂಪ್ಯೂಟರಿಗೆ 4 ಜಿಬಿ ರ‍್ಯಾಮ್ ಹಾಕಿಸಿದವರು ಈಗಲೂ ನನ್ನನ್ನು ಕೇಳೋದುಂಟು - "ಮೂರೂಕಾಲು ಜಿಬಿ ಅಷ್ಟೇ ತೋರಿಸ್ತಿದೆ, ಅಂಗಡಿಯವನು ಮೋಸ ಮಾಡಿದನಾ?" ಇಲ್ಲ ಸ್ವಾಮಿ, ಅವನದೇನೂ ತಪ್ಪಿಲ್ಲ. 32 ಬಿಟ್ಟಿನ ವ್ಯವಸ್ಥೆಯಲ್ಲಿ ಇರೋದೇ 4,29,49,67,296 ವಿಳಾಸಗಳು, ಅಂದರೆ ಸರಿಯಾಗಿ 4 ಜಿಬಿ. ಗ್ರಾಫಿಕ್ಸ್ ಕಾರ್ಡು, ನೆಟ್‌ವರ್ಕ್ ಕಾರ್ಡುಗಳಿಗೂ ಇದರಲ್ಲೇ ಪಾಲು ಕೊಡಬೇಕು. ಆ ಪಾಲಿನ ಹಿಂದೆ ಬಿದ್ದ ರ‍್ಯಾಮ್, ನಂಬರಿಲ್ಲದ ಮನೆಯ ಹಾಗೆ. ಮನೆ ಇದೆ, ಆದರೆ ಪೋಸ್ಟ್‌ಮನ್ ಬರೋದಿಲ್ಲ.

ಕೆಲವು ಮಿತಿಗಳು ಯಂತ್ರದವೇ. ಇಂಟೆಲ್‌ನ ಆಟಂ ಎನ್450 ಇದ್ದ ಪುಟ್ಟ ನೆಟ್‌ಬುಕ್ಕುಗಳಿಗೆ 2 ಜಿಬಿಯೇ ಗರಿಷ್ಠ. ಅದನ್ನು ಒಪ್ಪಿಕೊಳ್ಳೋಣ, ಬಡಪಾಯಿಯ ಶಕ್ತಿಯೇ ಅಷ್ಟು.

ನನ್ನ ತಕರಾರಿರೋದು ಬೇರೆ ಕಡೆ. 1995ರ ಪೆಂಟಿಯಂ ಪ್ರೊ ಚಿಪ್ಪಿನಲ್ಲೇ ಪಿಎಇ ಎಂಬ ಉಪಾಯದಿಂದ 36 ಬಿಟ್ಟಿನ ವಿಳಾಸ, ಅಂದರೆ 64 ಜಿಬಿವರೆಗೆ ದಾರಿ ಇತ್ತು. 32 ಬಿಟ್ಟಿನ ವಿಂಡೋಸ್ ಸರ್ವರ್ 2003ರ ಎಂಟರ್‌ಪ್ರೈಸ್ ಆವೃತ್ತಿ ಈ ದಾರಿಯಲ್ಲೇ 4 ಜಿಬಿ ದಾಟಿ ಹೋಗುತ್ತಿತ್ತು. ನಮ್ಮ ಮನೆಗಳ ಎಕ್ಸ್‌ಪಿಗೆ ಮಾತ್ರ 4ರಲ್ಲೇ ಗೇಟು ಬಂದ್. ಮನೆ ಕಂಪ್ಯೂಟರುಗಳ ಡ್ರೈವರುಗಳು ಆಚೆಯ ವಿಳಾಸ ಕಂಡರೆ ಕುಸಿದುಬೀಳುತ್ತವೆ ಎಂದು ಮೈಕ್ರೋಸಾಫ್ಟ್ ಸಮಜಾಯಿಷಿ ಕೊಟ್ಟಿತು. ಅದು ಸುಳ್ಳಲ್ಲ, ಇರಲಿ.

ಹಾಗಾದರೆ ವಿಂಡೋಸ್ 7ರದ್ದು ಏನು ಕಥೆ? 64 ಬಿಟ್ಟಿನಲ್ಲಿ ವಿಳಾಸಕ್ಕೆ ಬರವೇ ಇಲ್ಲ. ಆದರೂ ಹೋಮ್ ಬೇಸಿಕ್‌ಗೆ 8 ಜಿಬಿ, ಹೋಮ್ ಪ್ರೀಮಿಯಂಗೆ 16, ಪ್ರೊಫೆಷನಲ್‌ಗೆ 192! ಅದೇ ಯಂತ್ರ, ಅದೇ ರ‍್ಯಾಮ್; ಗೋಡೆ ಕಟ್ಟಿದ್ದು ಲೈಸೆನ್ಸು. ಆ ಬೇಸಿಕ್ ಆವೃತ್ತಿಯನ್ನು ನಮ್ಮಂಥ ದೇಶಗಳಿಗೆಂದೇ ತಂದದ್ದು ಬೇರೆ.

ಕಡಿಮೆ ಬೆಲೆಗೆ ಕಡಿಮೆ ಮಾಲು ಕೊಡಲಿ, ವ್ಯಾಪಾರ ಅಂದಮೇಲೆ ಅದು ಇದ್ದದ್ದೇ. ಆದರೆ ಕೊಳ್ಳುವವನಿಗೆ ಮೊದಲೇ, ಅವನ ಕಣ್ಣಿಗೆ ಬೀಳುವಂತೆ ಹೇಳಬೇಕು. ಮನೆ ಮಾರುವವರು ಕಾರ್ಪೆಟ್ ಏರಿಯಾ ತಿಳಿಸಲೇಬೇಕು ಎಂದು 2016ರ ರೇರಾ ಕಾಯ್ದೆ ಹೇಳಿತು. ಕಂಪ್ಯೂಟರ್ ಡಬ್ಬದ ಮೇಲೆ ಅಂಥದ್ದೊಂದು ಸಾಲು ಯಾಕಿರಬಾರದು?

ಇದು ಮುಗಿದ ಕಥೆ ಅನ್ನಬೇಡಿ. ವಿಂಡೋಸ್ 11 ಬರೋದೇ 64 ಬಿಟ್ಟಿನಲ್ಲಿ, ಅದರ ಹೋಮ್ ಆವೃತ್ತಿಯ 128 ಜಿಬಿ ಮಿತಿ ನಮಗ್ಯಾರಿಗೂ ತಾಗೋದಿಲ್ಲ, ನಿಜ. ಆದರೆ ಈಗ ಎಷ್ಟೋ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿಬಿಡುತ್ತಾರೆ. ಮಗನ ಕಾಲೇಜಿಗೆಂದು 8 ಜಿಬಿಯದನ್ನು ಕೊಂಡು, ನಾಲ್ಕು ವರ್ಷದ ಮೇಲೆ ಹೆಚ್ಚಿಸೋಣ ಅಂದರೆ ಇಡೀ ಯಂತ್ರವನ್ನೇ ಬದಲಿಸಬೇಕು.

ಅದಕ್ಕೇ ದುಡ್ಡು ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಬೋರ್ಡು ಎಷ್ಟು ಜಿಬಿ ತಡೆದುಕೊಳ್ಳುತ್ತೆ? ವಿಂಡೋಸ್ ಎಷ್ಟು ಬಿಟ್ಟಿನದು, ಯಾವ ಆವೃತ್ತಿ? ರ‍್ಯಾಮ್ ಬಿಚ್ಚಿ ಹಾಕಬಹುದಾ? ಉತ್ತರ ಕೊಡದ ಅಂಗಡಿಗೆ ಒಂದು ನಮಸ್ಕಾರ ಹಾಕಿ, ಮುಂದಿನ ಅಂಗಡಿಗೆ ನಡೀರಿ.

ನೀವೇನಂತೀರಿ?