ಉದ್ಯೋಗ ದರ್ಶನ: ಎರಡು ನುಡಿ ಬಲ್ಲವರಿಗೆ ಜಾಹೀರಾತಿನ ದಾರಿ



ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ವರನಟ ಡಾ. ರಾಜಕುಮಾರ್ ಅವರ ಗಾಜನೂರು ಇರುವುದೂ ಇಲ್ಲೇ. ಇಲ್ಲಿನ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ತಮಿಳು. ಇದನ್ನು ಹೊರೆ ಎನ್ನುವವರುಂಟು. ಆದರೆ ಜಾಹೀರಾತು ಮತ್ತು ಪ್ರಚಾರ ಬರಹದ ಉದ್ಯೋಗದಲ್ಲಿ ಅದೇ ಬಂಡವಾಳ. ಒಂದೇ ಸೋಪಿನ ಗುಣವನ್ನು ಮೈಸೂರಿನ ಮನೆಗೂ ಕೊಯಮತ್ತೂರಿನ ಮನೆಗೂ ಒಪ್ಪುವಂತೆ ಬರೆಯಲು ಬರೀ ಅನುವಾದ ಸಾಲದು.

ಈ ವಿದ್ಯೆಗೆಂದೇ ಅಹಮದಾಬಾದಿನಲ್ಲಿ 1991ರಲ್ಲಿ ಮೈಕಾ ಸಂಸ್ಥೆ ಆರಂಭವಾಯಿತು. ಪತ್ರಿಕೋದ್ಯಮ ಪದವಿಯಿಂದಲೂ ಈ ಕ್ಷೇತ್ರಕ್ಕೆ ಬರಬಹುದು. ಊರಿನ ಎಲೆಕೋಸು, ಅರಿಸಿನ ಮಾರುವವರಿಗಾಗಿ ಎರಡೂ ನುಡಿಗಳಲ್ಲಿ ಹತ್ತು ಮಾದರಿ ಬರೆದಿಟ್ಟುಕೊಂಡರೆ ಸಂದರ್ಶನದಲ್ಲಿ ಅವೇ ಮಾತಾಡುತ್ತವೆ.

ಹೊಗಳಿ ಮಾರುವ ಕೆಲಸ ಶ್ರಾವಕರಿಗೆ ಸಲ್ಲುವುದೇ ಎಂದು ಹಿರಿಯರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹವೂ ಒಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಆದ್ದರಿಂದ ಇದ್ದ ಗುಣವನ್ನು ಚೆಂದವಾಗಿ ಹೇಳಿ, ಇಲ್ಲದ್ದನ್ನು ಬರೆಯಬೇಡಿ.

ಮಗಳು ಈ ಕೆಲಸಕ್ಕೆ ಹೊರಟರೆ ಸಂಬಳದ ಜೊತೆಗೆ ಇದನ್ನೂ ಕೇಳಿ: "ಮಾಂಸದಂಗಡಿಯ ಪ್ರಚಾರವೋ ಮದ್ಯದ ಹೆಸರು ಹೊತ್ತ ಸೋಡಾದ ಪ್ರಚಾರವೋ ಬಂದರೆ ಏನು ಮಾಡುತ್ತೀಯಮ್ಮಾ?" ಒಲ್ಲೆನೆಂಬುದನ್ನು ಸೇರುವ ದಿನವೇ ಮೇಲಿನವರಿಗೆ ವಿನಯದಿಂದ ತಿಳಿಸಲಿ. ಸಾಲದ ಕಂತು ಶುರುವಾದ ಮೇಲೆ ಆ ಮಾತು ಬಾಯಿಗೆ ಬರುವುದು ಕಷ್ಟ.